ಬೆವರು ಆರದ ಜಾಗದಲ್ಲಿ ದುಡಿಯುವ ಮೈ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಬೇಸಿಗೆಯಲ್ಲಿ ಹೊಲಗದ್ದೆಗಳಲ್ಲಿ, ಕಟ್ಟಡ ಕೆಲಸಗಳಲ್ಲಿ ದುಡಿಯುವವರು ವಹಿಸಬೇಕಾದ ಎಚ್ಚರಿಕೆಯ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಪತ್ರ ಬರೆದವರಲ್ಲಿ ಭೂಗತ ಗಣಿಗಳಲ್ಲಿ ಕೆಲಸ ಮಾಡುವವರು ಮತ್ತು ಅವರ ಮನೆಯವರು ಇಷ್ಟೊಂದು ಮಂದಿ ಇರುತ್ತಾರೆಂದು ನಾನು ಎಣಿಸಿರಲಿಲ್ಲ. ಬಿಸಿಲೇ ತಾಗದ ಜಾಗದಲ್ಲಿ ದುಡಿಯುವವರಿಗೆ ಬಿಸಿಲಿನಲ್ಲಿ ದುಡಿಯುವವರದೇ ಬೇನೆ ಬರುವುದು ಹೇಗೆ ಎಂಬುದು ಅವರ ಪ್ರಶ್ನೆಗಳ ತಿರುಳು. ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರನ್ನೂ ಅವರು ದುಡಿಯುವ ಗಣಿಯ ಹೆಸರನ್ನೂ ಅವರ ಕೋರಿಕೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಯಜಮಾನರು ಗಣಿಯೊಳಗೆ ಡ್ರಿಲ್ಲಿಂಗ್ ಕೆಲಸ ಮಾಡುತ್ತಾರೆ. ಹೊರಗೆ 42 ಡಿಗ್ರಿ ಸೆಕೆ ಇರುವ ದಿನವೂ "ಕೆಳಗೆ ಬರೀ 32 ಡಿಗ್ರಿ" ಎನ್ನುತ್ತಾರೆ. ಆದರೆ ಶಿಫ್ಟ್ ಮುಗಿಸಿ ಬಂದಾಗ ಅಂಗಿಯನ್ನು ಹಿಂಡಿದರೆ ನೀರು ಇಳಿಯುತ್ತದೆ. ಊಟವೂ ಬೇಡವೆಂದು ಮಲಗಿಬಿಡುತ್ತಾರೆ. ಹತ್ತು ಡಿಗ್ರಿ ಕಡಿಮೆ ಇರುವ ಕಡೆ ಇಷ್ಟು ಸುಸ್ತಾಗುವುದೇಕೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧ ಭಾಗ ಇದೆ. ಹಿಂಡಿದರೆ ನೀರಿಳಿಯುವ ಆ ಅಂಗಿಯೇ ತೊಂದರೆಯ ಗುರುತು. ಬೆವರು ಸುರಿದ ಮಾತ್ರಕ್ಕೆ ಮೈ ತಂಪಾಗುವುದಿಲ್ಲ, ಬೆವರು ಆರಬೇಕು. ಒಂದು ಲೀಟರ್ ಬೆವರು ಚರ್ಮದ ಮೇಲಿಂದ ಆವಿಯಾಗಿ ಹೋದರೆ ಸುಮಾರು 580 ಕಿಲೋಕ್ಯಾಲರಿಯಷ್ಟು ಶಾಖವನ್ನು ಮೈಯಿಂದ ಎತ್ತಿಕೊಂಡು ಹೋಗುತ್ತದೆ. ಅದೇ ಒಂದು ಲೀಟರ್ ಬೆವರು ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ, ಅಥವಾ ಅಂಗಿಯಲ್ಲಿ ನೆನೆದು ಉಳಿದರೆ, ನೀರೂ ಉಪ್ಪೂ ನಷ್ಟವಾದವೇ ಹೊರತು ಮೈಗೆ ತಂಪು ಸಿಗಲಿಲ್ಲ.

ಮಣ್ಣಿನ ಹೂಜಿಯನ್ನು ನೆನಪಿಸಿಕೊಳ್ಳಿ. ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಹೂಜಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಮಂಗಳೂರಿನ ಜೂನ್ ತಿಂಗಳಲ್ಲಿ ಅದೇ ಹೂಜಿಯ ನೀರು ಉಗುರುಬೆಚ್ಚಗೆ ಉಳಿಯುತ್ತದೆ. ಹೂಜಿ ಬದಲಾಗಿಲ್ಲ, ಗಾಳಿ ಬದಲಾಗಿದೆ. ಒಣ ಗಾಳಿ ಹೂಜಿಯ ಹೊರಮೈಯ ಒದ್ದೆಯನ್ನು ಹೀರುತ್ತದೆ. ಮೊದಲೇ ನೀರಾವಿ ತುಂಬಿಕೊಂಡ ಗಾಳಿಗೆ ಹೀರಲು ಜಾಗವಿರುವುದಿಲ್ಲ. ಮನುಷ್ಯನ ಮೈಯೂ ಈ ವಿಷಯದಲ್ಲಿ ಒಂದು ಹೂಜಿಯೇ.

ಗಣಿಯವರು ಇದನ್ನು ಅಳೆಯಲು ಎರಡು ತಾಪಮಾಪಕಗಳಿರುವ, ಗಿಲಕಿಯಂತೆ ಗಾಳಿಯಲ್ಲಿ ತಿರುಗಿಸುವ ಹೈಗ್ರೋಮೀಟರ್ ಬಳಸುತ್ತಾರೆ. ಒಂದರ ಬುಡ ಒಣದಾಗಿರುತ್ತದೆ, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತದೆ. ಈ ಎರಡನೆಯದು ತೋರಿಸುವುದೇ ವೆಟ್ ಬಲ್ಬ್ ಉಷ್ಣಾಂಶ. ಬಟ್ಟೆಯ ನೀರು ಆರಿದಷ್ಟೂ ಅದರ ಅಂಕಿ ಇಳಿಯುತ್ತದೆ, ಬೆವರು ಆರಿದಾಗ ಮೈ ತಂಪಾದಂತೆ. ಹೊರಗೆ 42 ಡಿಗ್ರಿ ಇದ್ದು ಗಾಳಿಯ ತೇವಾಂಶ ಶೇಕಡಾ 20 ಇದ್ದರೆ ವೆಟ್ ಬಲ್ಬ್ ಸುಮಾರು 24 ಡಿಗ್ರಿ ಮಾತ್ರ ತೋರಿಸುತ್ತದೆ. ಗಣಿಯ ಒಳಗೆ ಡ್ರಿಲ್ಲಿಂಗ್‌ಗೆ ಬಿಡುವ ನೀರು, ಬಂಡೆಯಿಂದ ಜಿನುಗುವ ನೀರು, ಧೂಳು ಅಡಗಿಸಲು ಚಿಮುಕಿಸುವ ನೀರು ಎಲ್ಲ ಸೇರಿ ಗಾಳಿ ಆವಿಯಿಂದ ತುಂಬಿಹೋಗಿರುವಾಗ, ಒಣ ತಾಪಮಾಪಕ 32 ತೋರಿಸಿದರೆ ಒದ್ದೆಯದು 31 ತೋರಿಸಬಹುದು. ಮೈಯ ಲೆಕ್ಕದಲ್ಲಿ ನಿಮ್ಮ ಯಜಮಾನರು ಹೊರಗಿನವರಿಗಿಂತ ಏಳು ಡಿಗ್ರಿ ಹೆಚ್ಚಿನ ಸೆಕೆಯಲ್ಲಿ ದುಡಿಯುತ್ತಿದ್ದಾರೆ.

ಇದನ್ನು ಮೊದಲು ಸರಿಯಾಗಿ ಗುರುತಿಸಿದವರಲ್ಲಿ ಬ್ರಿಟನ್ನಿನ ಶರೀರವಿಜ್ಞಾನಿ ಜೆ. ಎಸ್. ಹಾಲ್ಡೇನ್ ಮುಖ್ಯರು. ಕಾರ್ನ್‌ವಾಲ್ ಪ್ರಾಂತ್ಯದ ಡಾಲ್ಕೋತ್ ಗಣಿಯಂಥ ಬಿಸಿ ಗಣಿಗಳಲ್ಲಿ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು, ಗಾಳಿಯಾಡದ ಜಾಗದಲ್ಲಿ ವೆಟ್ ಬಲ್ಬ್ ಸುಮಾರು 31 ಡಿಗ್ರಿ ದಾಟಿದರೆ ಮೈಯ ಒಳಗಿನ ಬಿಸಿ ಏರತೊಡಗುತ್ತದೆ, ಒಣ ತಾಪಮಾಪಕ ಏನೇ ಹೇಳಲಿ ಅದು ಗೌಣ ಎಂದು ಅವರು 1905ರಲ್ಲೇ ಬರೆದರು. ನಮ್ಮ ದೇಶದ 1961ರ ಲೋಹದ ಗಣಿಗಳ ನಿಯಮಾವಳಿಯೂ ಇದೇ ಅಳತೆಗೋಲನ್ನು ಹಿಡಿದಿದೆ: ಕೆಲಸದ ಜಾಗದಲ್ಲಿ ವೆಟ್ ಬಲ್ಬ್ 33.5 ಡಿಗ್ರಿ ಮೀರಕೂಡದು, 30.5 ಡಿಗ್ರಿ ದಾಟಿದ ಕಡೆ ಸೆಕೆಂಡಿಗೆ ಕನಿಷ್ಠ ಒಂದು ಮೀಟರ್ ವೇಗದಲ್ಲಿ ಗಾಳಿ ಬೀಸುವಂತೆ ವ್ಯವಸ್ಥೆ ಇರಬೇಕು. 33.5 ಎಂಬುದು ಆರಾಮದ ಗೆರೆಯಲ್ಲ, ಅಪಾಯದ ಅಂಚು ಎಂಬುದು ನನ್ನ ಅಭಿಪ್ರಾಯ. ಚರ್ಮದ ಉಷ್ಣಾಂಶವೇ ಸುಮಾರು 35 ಡಿಗ್ರಿ ಇರುವಾಗ, ಅಷ್ಟು ಹತ್ತಿರದ ಗಾಳಿಯಲ್ಲಿ ಬೆವರು ಆರುವುದು ಎಷ್ಟು ಮಾತ್ರ?

ಯುವಕನಾಗಿದ್ದಾಗ ನಾನೊಮ್ಮೆ ಗಣಿಯ ಕೇಜಿನಲ್ಲಿ, ಅಂದರೆ ಆಳಕ್ಕೆ ಇಳಿಸುವ ಲಿಫ್ಟಿನಲ್ಲಿ, ಕೆಳಗಿಳಿದದ್ದು ನೆನಪಿದೆ. ಕೇಜಿನ ಕಂಬಿ ಸರಿಸಿ ಲೆವೆಲ್‌ಗೆ (ಆ ಆಳದ ಸುರಂಗದ ಅಂತಸ್ತಿಗೆ) ಕಾಲಿಟ್ಟದ್ದೇ ತಡ, ಕನ್ನಡಕದ ಎರಡೂ ಗಾಜು ಮಂಜು ಕವಿದು ಬೆಳ್ಳಗಾದವು. ಒರೆಸಿದಷ್ಟೂ ಮತ್ತೆ ಕವಿದವು. ಗಾಜಿನ ಮೇಲೆ ನೀರು ಕೂರುವಂಥ ಗಾಳಿಯಲ್ಲಿ ಮೈಯ ನೀರು ಆರುವುದಿಲ್ಲ ಎಂಬುದನ್ನು ಅರಿಯಲು ನನಗೆ ಬೇರೆ ಪಾಠ ಬೇಕಾಗಲಿಲ್ಲ.

ಇನ್ನು ಊಟ ಸೇರದಿರುವ ವಿಷಯ. ದುಡಿಯುವ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ನಾಲ್ಕನೆಯ ಒಂದು ಭಾಗ ಕೂಡ ಕೆಲಸವಾಗಿ ಹೊರಬರುವುದು ಕಷ್ಟ, ಉಳಿದದ್ದೆಲ್ಲ ಶಾಖ. ಅದನ್ನು ಹೊರಹಾಕಲು ಹೃದಯವು ರಕ್ತವನ್ನು ಚರ್ಮದ ಕಡೆಗೆ ತಳ್ಳಬೇಕು, ಅದೇ ಹೊತ್ತಿಗೆ ಸ್ನಾಯುಗಳಿಗೂ ರಕ್ತ ಬೇಕು. ಇದ್ದ ರಕ್ತವನ್ನು ಇಬ್ಬರಿಗೆ ಹಂಚುವಾಗ ಹೊಟ್ಟೆ, ಕರುಳು, ಮೂತ್ರಪಿಂಡಗಳ ಪಾಲು ಕಡಿಮೆಯಾಗುತ್ತದೆ. ಹಸಿವು ಸಾಯುವುದು, ವಾಕರಿಕೆ ಬರುವುದು ಇದರಿಂದಲೇ. ಮನೆಗೆ ಬಂದ ಕೂಡಲೇ ಊಟಕ್ಕೆ ಒತ್ತಾಯಿಸದೆ, ಮೊದಲು ಉಪ್ಪು ಹಾಕಿದ ಮಜ್ಜಿಗೆಯನ್ನೋ ಗಂಜಿಯನ್ನೋ ಕೊಟ್ಟು, ಸ್ನಾನ ಮಾಡಿಸಿ, ಒಂದು ಗಂಟೆ ಬಿಟ್ಟು ಬಡಿಸಿ.

ಪ್ರಶ್ನೆ: ನನ್ನ ತಾತ ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಕೆಳಗಿನ ಲೆವೆಲ್‌ಗಳಲ್ಲಿ ಬಂಡೆಗೆ ಬೆನ್ನು ಒರಗಿಸಲು ಆಗುತ್ತಿರಲಿಲ್ಲ, ಲಂಗೋಟಿ ಮತ್ತು ಟೋಪಿ ಬಿಟ್ಟರೆ ಮೈಮೇಲೆ ಬೇರೇನೂ ಇರುತ್ತಿರಲಿಲ್ಲ ಎನ್ನುತ್ತಿದ್ದರು. ಇದು ಉತ್ಪ್ರೇಕ್ಷೆಯೇ? ನೆಲದೊಳಗೆ ಅಷ್ಟು ಬಿಸಿ ಬರುವುದಾದರೂ ಎಲ್ಲಿಂದ?

ಉತ್ತರ: ಉತ್ಪ್ರೇಕ್ಷೆಯಲ್ಲ. ಕೋಲಾರದ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚುವ ಹೊತ್ತಿಗೆ ಚಾಂಪಿಯನ್ ರೀಫ್ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು, ಜಗತ್ತಿನ ಅತಿ ಆಳದ ಗಣಿಗಳ ಸಾಲಿನಲ್ಲಿತ್ತು. ಆ ಆಳದಲ್ಲಿ ಬಂಡೆಯ ಉಷ್ಣಾಂಶ 65 ಡಿಗ್ರಿಯನ್ನು ಮೀರುತ್ತಿತ್ತು. ಅಷ್ಟು ಬಿಸಿಯ ಬಂಡೆಗೆ ಬರಿ ಬೆನ್ನು ಒರಗಿಸಿದರೆ ಚರ್ಮ ಸುಡುವುದು ಸಹಜ. ಬಟ್ಟೆ ಕಳಚಿ ದುಡಿಯುವುದರಲ್ಲೂ ಅನುಭವದ ಜಾಣ್ಮೆಯಿದೆ: ಬಟ್ಟೆಯಲ್ಲಿ ನೆನೆದು ಉಳಿಯಬಹುದಾದ ಬೆವರು ಸಿಕ್ಕ ಅಷ್ಟಿಷ್ಟು ಗಾಳಿಗೆ ಚರ್ಮದ ಮೇಲೆಯೇ ಆರುತ್ತಿತ್ತು.

ಭೂಮಿಯ ಹೊರಪದರದಲ್ಲಿ ಆಳಕ್ಕೆ ಹೋದಂತೆ ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ಕೋಲಾರದ ಬಂಡೆಗಳು ಬಹು ಪುರಾತನವಾದವು. ಅಲ್ಲಿ ಈ ಏರಿಕೆ ಅದರ ಅರ್ಧದಷ್ಟು ಮಾತ್ರ. ಹಾಗಿಲ್ಲದಿದ್ದರೆ ಮೂರು ಕಿಲೋಮೀಟರ್ ಆಳದಲ್ಲಿ ನೂರು ಡಿಗ್ರಿಯ ಬಂಡೆಯೊಳಗೆ ಮನುಷ್ಯ ಕೆಲಸ ಮಾಡುವ ಮಾತೇ ಇರುತ್ತಿರಲಿಲ್ಲ. ದಕ್ಷಿಣ ಆಫ್ರಿಕಾದಲ್ಲೂ ಇದೇ ಕಥೆ: ಅಲ್ಲಿನ ಎಂಪೊನೆಂಗ್ ಗಣಿ ನಾಲ್ಕು ಕಿಲೋಮೀಟರಿನ ಆಸುಪಾಸಿಗೆ ಇಳಿಯಲು ಸಾಧ್ಯವಾದದ್ದು ಅಲ್ಲಿನ ಬಂಡೆಯೂ ನಿಧಾನವಾಗಿ ಬಿಸಿಯೇರುವ ಜಾತಿಯದಾದ್ದರಿಂದ. ಆದರೂ ಮೇಲೆ ಮಂಜುಗಡ್ಡೆ ಮಾಡಿ, ಅದನ್ನು ನೀರಿನೊಂದಿಗೆ ಕೊಳವೆಗಳಲ್ಲಿ ಕೆಳಗೆ ಕಳಿಸಿ ಗಾಳಿಯನ್ನು ತಣಿಸಬೇಕಾಗುತ್ತದೆ.

ಬಂಡೆಯೊಂದೇ ಬಿಸಿಯ ಮೂಲವಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಮುಟ್ಟಿ ನೋಡಿರುತ್ತೀರಿ. ಗಣಿಯ ಶಾಫ್ಟಿನಲ್ಲಿ, ಅಂದರೆ ನೇರ ಕೆಳಗಿಳಿಯುವ ಬಾವಿಯಂಥ ದಾರಿಯಲ್ಲಿ, ಇಳಿಯುವ ಗಾಳಿಯೂ ತನ್ನ ಮೇಲಿನ ಗಾಳಿಯ ಭಾರಕ್ಕೆ ಹೀಗೆಯೇ ಒತ್ತಿಕೊಂಡು ಬಿಸಿಯಾಗುತ್ತದೆ. ತೇವದ ಕೊಡುಕೊಳ್ಳುವಿಕೆ ಇಲ್ಲದಿದ್ದರೆ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿ. ಅಂದರೆ ಮೇಲಿಂದ ಊದಿದ ಗಾಳಿ ಕೆಳಗೆ ಮುಟ್ಟುವ ಹೊತ್ತಿಗೇ ತನ್ನ ತಂಪಿನ ಬಹುಭಾಗವನ್ನು ಕಳೆದುಕೊಂಡಿರುತ್ತದೆ. ಇದರ ಮೇಲೆ ಈಗಿನ ಗಣಿಗಳಲ್ಲಿ ಡೀಸೆಲ್ ಲೋಡರ್‌ಗಳಿವೆ. ಅವುಗಳಲ್ಲಿ ಉರಿಯುವ ಇಂಧನದ ಶಾಖ ಕಡೆಗೆ ಗಣಿಯ ಗಾಳಿಗೇ ಸೇರುತ್ತದೆ, ಹೊಗೆಯ ಜೊತೆ ನೀರಾವಿಯೂ ಬರುತ್ತದೆ. ಒಡೆದ ಕಲ್ಲನ್ನು ಎತ್ತಿ ತುಂಬುವ ಬೆನ್ನುಮುರಿಯುವ ಮಕ್ಕಿಂಗ್ ಕೆಲಸವನ್ನು ಯಂತ್ರ ತಪ್ಪಿಸಿದ್ದು ನಿಜ. ಆದರೆ ಅದೇ ಯಂತ್ರ ಸೆಕೆಯನ್ನು ಹೆಚ್ಚಿಸಿದ್ದೂ ನಿಜ.

ಈ ಬಿಸಿಯನ್ನು ತಣಿಸಲು ದೊಡ್ಡ ಶೈತ್ಯೀಕರಣ ಯಂತ್ರಗಳನ್ನು ಹೂಡಿದ ಜಗತ್ತಿನ ಮೊದಮೊದಲ ಗಣಿಗಳಲ್ಲಿ ಕೋಲಾರವೂ ಒಂದು. ಬ್ರೆಜಿಲ್‌ನ ಮೊರೊ ವೆಲ್ಯೊ ಗಣಿಯಲ್ಲಿ 1920ರ ದಶಕದಲ್ಲಿ ಇಂಥ ಯಂತ್ರ ಬಂದರೆ, 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ರಾಬಿನ್ಸನ್ ಡೀಪ್ ಮತ್ತು ನಮ್ಮ ಕೋಲಾರದ ಸರದಿ. 1940ರ ದಶಕದಲ್ಲಿ ಕೋಲಾರದ ಗಣಿಗಾರರು ಕೆಳಗೆ ಕುಸಿದು ಬೀಳುತ್ತಿದ್ದ ಪ್ರಕರಣಗಳ ಬಗ್ಗೆ, ಬಿಸಿ ಹೆಚ್ಚಿದಂತೆ ಅವರ ಕೆಲಸದ ಸಾಮರ್ಥ್ಯ ಇಳಿಯುವ ಬಗ್ಗೆ ಅಲ್ಲಿಯೇ ಅಧ್ಯಯನಗಳು ನಡೆದು ಲಂಡನ್ನಿನ ಗಣಿ ತಜ್ಞರ ಸಂಸ್ಥೆಯ ಪತ್ರಿಕೆಗಳಲ್ಲಿ ಪ್ರಕಟವಾದವು. ಮಾನವ ದೇಹ ಮತ್ತು ಸೆಕೆಯ ಕುರಿತು ಜಗತ್ತು ಕಲಿತ ಪಾಠದ ಒಂದು ಅಧ್ಯಾಯ ನಿಮ್ಮ ತಾತನ ಊರಿನವರ ಬೆವರಿನಿಂದ ಬರೆದದ್ದು. ಚಿನ್ನದ ಲೆಕ್ಕವನ್ನು ಟನ್ನುಗಳಲ್ಲಿ ಹೇಳುವ ನಾವು ಇದನ್ನು ಅಷ್ಟಾಗಿ ಹೇಳುವುದಿಲ್ಲ.

ಪ್ರಶ್ನೆ: ನನಗೆ 44 ವರ್ಷ. ಇಪ್ಪತ್ತು ವರ್ಷಗಳಿಂದ ಭೂಗತ ಗಣಿಯಲ್ಲಿದ್ದೇನೆ, ಒಂದು ದಿನವೂ ತಲೆ ತಿರುಗಿದ್ದಿಲ್ಲ. ಈ ಸಲ ಮಗಳ ಮದುವೆಗೆಂದು ಒಂದು ತಿಂಗಳು ರಜೆ ಹಾಕಿ ಬಂದ ಮೊದಲ ದಿನವೇ ಕಣ್ಣು ಕತ್ತಲೆ ಬಂದು ಕುಳಿತುಬಿಟ್ಟೆ. ಜೊತೆಯವರು "ಮದುವೆ ಊಟ ತಿಂದು ಮೆತ್ತಗಾದೆ" ಎಂದು ನಕ್ಕರು. ನನಗೆ ವಯಸ್ಸಾಯಿತೇ?

ಉತ್ತರ: ವಯಸ್ಸೂ ಅಲ್ಲ, ಮದುವೆ ಊಟವೂ ಅಲ್ಲ. ಸೆಕೆಗೆ ಮೈ ಪಳಗುವುದು ಮತ್ತು ಆ ಪಳಗುವಿಕೆ ಅಳಿಸಿಹೋಗುವುದು ಎರಡೂ ನಿಜವಾದ ದೈಹಿಕ ಬದಲಾವಣೆಗಳು.

ದಿನವೂ ಬಿಸಿಯಲ್ಲಿ ದುಡಿಯುವವನ ಮೈಯಲ್ಲಿ ಒಂದೆರಡು ವಾರಗಳೊಳಗೆ ರಕ್ತದ ದ್ರವಭಾಗ ಹೆಚ್ಚುತ್ತದೆ. ಹಾಗಾಗಿ ಚರ್ಮಕ್ಕೂ ಸ್ನಾಯುವಿಗೂ ರಕ್ತ ಹಂಚಲು ಹೃದಯ ಅಷ್ಟು ವೇಗವಾಗಿ ಬಡಿಯಬೇಕಾಗುವುದಿಲ್ಲ. ಬೆವರು ಮೊದಲಿಗಿಂತ ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ; ಬೆವರಿನಲ್ಲಿ ಹೋಗುವ ಉಪ್ಪನ್ನು ಬೆವರಿನ ಗ್ರಂಥಿಗಳೇ ಹಿಡಿದಿಟ್ಟುಕೊಳ್ಳಲು ಕಲಿಯುತ್ತವೆ. ಹಳಬನ ಬೆವರು ಹೊಸಬನ ಬೆವರಿಗಿಂತ ಸಪ್ಪೆ. ಆದರೆ ಇದು ಈಜು ಕಲಿತಂತೆ ಜೀವಮಾನಕ್ಕೆ ಉಳಿಯುವ ವಿದ್ಯೆಯಲ್ಲ. ಒಂದು ವಾರ ಬಿಟ್ಟರೆ ಕುಂದತೊಡಗುತ್ತದೆ, ಒಂದು ತಿಂಗಳು ಬಿಟ್ಟರೆ ಬಹುಪಾಲು ಹೋಗಿಬಿಡುತ್ತದೆ. ನೀವು ರಜೆ ಮುಗಿಸಿ ಕೇಜು ಹತ್ತಿದ ದಿನ ಕೈಗೆ ಇಪ್ಪತ್ತು ವರ್ಷದ ಅನುಭವವಿತ್ತು, ಹೃದಯಕ್ಕೂ ಬೆವರಿನ ಗ್ರಂಥಿಗೂ ಅದು ಮೊದಲ ದಿನವಾಗಿತ್ತು.

ಹಳಬರ ಅಪಾಯ ಇರುವುದು ಇಲ್ಲಿಯೇ. ಹೊಸಬ ಹೆದರಿ ಹಿಂದೆ ಸರಿಯುತ್ತಾನೆ. ಹಳಬ ರಜೆಗೆ ಮುಂಚಿನ ವೇಗದಲ್ಲೇ ಡ್ರಿಲ್ ಹಿಡಿಯುತ್ತಾನೆ. ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರ್ಯಾಂಡ್ ಚಿನ್ನದ ಗಣಿಗಳಲ್ಲಿ 1920ರ ದಶಕದಲ್ಲಿ ಉಷ್ಣಾಘಾತದಿಂದ ಸಾವುಗಳು ಆಗತೊಡಗಿದ ಮೇಲೆ, ಸಿಟಿ ಡೀಪ್ ಗಣಿಯ ವೈದ್ಯಾಧಿಕಾರಿ ಡ್ರಿಯೋಸ್ಟಿ ಎಂಬವರು ಕಾರ್ಮಿಕರನ್ನು ಬಿಸಿಕೋಣೆಯಲ್ಲಿ ದುಡಿಸಿ ನೋಡಿ, ಯಾರ ಮೈ ಸೆಕೆ ತಾಳುತ್ತದೆ, ಯಾರದು ತಾಳುವುದಿಲ್ಲ ಎಂದು ವಿಂಗಡಿಸುವ ಪದ್ಧತಿಯನ್ನು 1930ರ ದಶಕದಲ್ಲಿ ರೂಪಿಸಿದರು. ಮುಂದೆ ದಶಕಗಳ ಕಾಲ ಅಲ್ಲಿ ಹೊಸಬರನ್ನೂ ರಜೆಯಿಂದ ಬಂದವರನ್ನೂ ಹಬೆಯ ಕೋಣೆಗಳಲ್ಲಿ ಮೆಟ್ಟಿಲು ಹತ್ತಿಸಿ ಇಳಿಸಿ, ಮೈಯ ಬಿಸಿ ಅಳೆದು, ಆಮೇಲೆಯೇ ಆಳಕ್ಕೆ ಬಿಡುತ್ತಿದ್ದರು. ವರ್ಣಭೇದದ ಆ ಕಾಲದಲ್ಲಿ ಕಪ್ಪು ಕಾರ್ಮಿಕರನ್ನು ಗಿರಣಿಯ ಸಾಮಗ್ರಿಯಂತೆ ಕಂಡ ಕ್ರೌರ್ಯವೂ ಅದರಲ್ಲಿ ಬೆರೆತಿತ್ತು ಎಂಬುದನ್ನು ಮರೆಯಬಾರದು. ಆದರೆ ಮೈ ಪಳಗಲು ದಿನಗಳು ಬೇಕೆಂಬ ಸತ್ಯ ಅಲ್ಲಿ ಸ್ಥಿರವಾಯಿತು.

ಈಗ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ಹೇಳುವ ಕ್ರಮ ಸರಳವಾಗಿದೆ. ಹಳಬ ರಜೆ ಮುಗಿಸಿ ಬಂದರೆ ಬಿಸಿಯಲ್ಲಿನ ಕೆಲಸ ಮೊದಲ ದಿನ ಅರ್ಧ, ಎರಡನೆಯ ದಿನ ಶೇಕಡಾ 60, ಮೂರನೆಯ ದಿನ 80, ನಾಲ್ಕನೆಯ ದಿನ ಪೂರ್ತಿ. ಹೊಸಬನಾದರೆ ಮೊದಲ ದಿನ ಶೇಕಡಾ 20ರಿಂದ ಆರಂಭಿಸಿ ದಿನಕ್ಕೆ 20ರಂತೆ ಏರಿಸಬೇಕು. ನಿಮ್ಮ ಶಿಫ್ಟಿನ ಮೇಲ್ವಿಚಾರಕ ಮೇಟ್‌ಗೆ ಇದನ್ನು ತೋರಿಸಿ. ನಗುವವರು ನಗಲಿ, ಮುಂದಿನ ಸಲ ರಜೆಯಿಂದ ಬರುವ ಸರದಿ ಅವರದೇ ಇರಬಹುದು.

ಒಂದು ಮಾತು ಇದಕ್ಕೆ ಸೇರಿಸಬೇಕು. ಆಸ್ಟ್ರೇಲಿಯಾದ ಗಣಿಗಳಲ್ಲಿ ನಡೆದ ಅಧ್ಯಯನಗಳ ಪ್ರಕಾರ, ತಮ್ಮ ವೇಗವನ್ನು ತಾವೇ ನಿರ್ಧರಿಸುವ, ಚೆನ್ನಾಗಿ ನೀರು ಕುಡಿಯುವ, ಪಳಗಿದ ಕಾರ್ಮಿಕರು ಸೆಕೆಯಲ್ಲೂ ಮೈಯ ಬಿಸಿಯನ್ನು ಹತೋಟಿಯಲ್ಲಿ ಇಟ್ಟುಕೊಳ್ಳುತ್ತಾರೆ. ಮೈ ತಾನಾಗಿಯೇ ನಿಧಾನಿಸುತ್ತದೆ, ಆ ನಿಧಾನವೇ ರಕ್ಷಣೆ. ಎಷ್ಟು ಅಡಿ ಕೊರೆದರೆ ಅಷ್ಟು ಬೋನಸ್ ಎಂಬ ಪದ್ಧತಿ ಈ ರಕ್ಷಣೆಯನ್ನೇ ಕಿತ್ತುಹಾಕುತ್ತದೆ. ತುಂಬ ಬಿಸಿಯ ಜಾಗಗಳಲ್ಲಿ ಅಡಿಲೆಕ್ಕದ ಬೋನಸ್ ಇರಬಾರದೆಂಬುದು ನನ್ನ ಖಚಿತ ನಿಲುವು.

ಪ್ರಶ್ನೆ: ಶಿಫ್ಟಿನ ಕೊನೆಗೆ ಮೀನಖಂಡ ಮತ್ತು ಹೊಟ್ಟೆಯ ಸ್ನಾಯುಗಳು ಗಂಟುಕಟ್ಟಿದಂತೆ ಹಿಡಿದುಕೊಳ್ಳುತ್ತವೆ. ನಾನು ನೀರು ಧಾರಾಳವಾಗಿ ಕುಡಿಯುತ್ತೇನೆ. ಈಚೆಗೆ ಎರಡು ಸಲ ಮೂತ್ರ ಕಪ್ಪು ಚಹಾದ ಬಣ್ಣಕ್ಕಿತ್ತು. ಸುಸ್ತಿಗೆ ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆ ತಂದು ನುಂಗುತ್ತೇನೆ. ಭಯಪಡಬೇಕೇ?

ಉತ್ತರ: ಸ್ನಾಯು ಹಿಡಿಯುವುದಕ್ಕೆ ಭಯ ಬೇಡ, ಚಹಾ ಬಣ್ಣದ ಮೂತ್ರಕ್ಕೆ ಮಾತ್ರ ಖಂಡಿತ ಗಮನ ಬೇಕು. ಈ ಸಂಚಿಕೆ ನಿಮ್ಮ ಕೈಸೇರಿದ ದಿನವೇ ವೈದ್ಯರ ಬಳಿ ಹೋಗಿ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವುದು) ಮತ್ತು ಸಿಪಿಕೆ (ಸ್ನಾಯುವಿನ ಹಾನಿ ತಿಳಿಸುವುದು) ಪರೀಕ್ಷೆ ಮಾಡಿಸಿ.

ಕಾರಣ ಹೀಗಿದೆ. ಬಿಸಿಯಲ್ಲಿ ಅತಿಯಾಗಿ ದುಡಿದಾಗ ಸ್ನಾಯುವಿನ ಕೋಶಗಳು ಒಡೆದು ಒಳಗಿನ ಮಯೋಗ್ಲೋಬಿನ್ ಎಂಬ ಬಣ್ಣದ ವಸ್ತು ರಕ್ತಕ್ಕೆ ಸೇರಬಹುದು. ಅದನ್ನು ಸೋಸುವ ಮೂತ್ರಪಿಂಡಗಳ ಸೂಕ್ಷ್ಮ ನಾಳಗಳು ಅದರಿಂದಲೇ ಕಟ್ಟಿಕೊಂಡು ಹಾಳಾಗಬಹುದು. ಮೂತ್ರದ ಕಂದುಬಣ್ಣ ಅದರ ಸೂಚನೆ ಇರಬಹುದು. ಬರೀ ನೀರಿನ ಕೊರತೆಯಿಂದಲೂ ಮೂತ್ರ ಗಾಢವಾಗುತ್ತದೆ, ಆದರೆ ಅದು ಕಡುಹಳದಿಯಾಗುತ್ತದೆ. ಎರಡನ್ನೂ ಕಣ್ಣಂದಾಜಿನಲ್ಲಿ ಬೇರ್ಪಡಿಸಿ ಸುಮ್ಮನಾಗಬಾರದು. ಮೈ ಒಣಗಿದಾಗ ಮೊದಲೇ ರಕ್ತ ಕಡಿಮೆ ಸಿಗುವ ಮೂತ್ರಪಿಂಡಕ್ಕೆ, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಇನ್ನಷ್ಟು ರಕ್ತವನ್ನು ಕಡಿತಮಾಡುತ್ತದೆ. ಶಿಫ್ಟಿನ ಸುಸ್ತಿಗೆ ಈ ಮಾತ್ರೆ ನುಂಗುವ ಅಭ್ಯಾಸವನ್ನು ಇಂದೇ ಬಿಡಿ. ಮಧ್ಯ ಅಮೆರಿಕದ ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳ ಕಬ್ಬಿನ ಗದ್ದೆಗಳಲ್ಲಿ ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇಲ್ಲದ ಎಳೆಯ ಪ್ರಾಯದ ಕೂಲಿಗಳ ಮೂತ್ರಪಿಂಡಗಳು ದೊಡ್ಡ ಸಂಖ್ಯೆಯಲ್ಲಿ ಕೆಟ್ಟಿವೆ. ವರ್ಷಗಟ್ಟಲೆ ದಿನವೂ ಸೆಕೆಯಲ್ಲಿ ಮೈ ಒಣಗಿಸಿಕೊಂಡು ದುಡಿಯುವುದು ಅದಕ್ಕೆ ಪ್ರಮುಖ ಕಾರಣಗಳಲ್ಲೊಂದು ಎಂಬ ನಂಬಿಕೆ ವೈದ್ಯಲೋಕದಲ್ಲಿ ಬಲವಾಗಿದೆ.

ಈಗ ಸ್ನಾಯು ಹಿಡಿತದ ವಿಷಯ. ನೀರು ಧಾರಾಳವಾಗಿ ಕುಡಿಯುವವರಿಗೇ ಇದು ಬರುವುದರಲ್ಲಿ ಒಂದು ಗುಟ್ಟಿದೆ, ಮತ್ತು ಆ ಗುಟ್ಟು ಬಯಲಾದದ್ದೂ ಗಣಿಯಲ್ಲಿಯೇ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಪೆಂಡಲ್ಟನ್ ಕಲ್ಲಿದ್ದಲು ಗಣಿ ಬಹಳ ಆಳವಾಗಿತ್ತು, ಬಹಳ ಬಿಸಿಯಾಗಿತ್ತು. ಅಲ್ಲಿನವರಿಗೆ ಬರುತ್ತಿದ್ದ ಈ ನೋವನ್ನು ಕೆ. ನೆವಿಲ್ ಮಾಸ್ ಎಂಬವರು ಅಭ್ಯಸಿಸಿ, ಬೆವರಿನಲ್ಲಿ ನೀರಿನೊಂದಿಗೆ ಉಪ್ಪೂ ಹೋಗುತ್ತದೆ, ಕಾರ್ಮಿಕರು ನೀರನ್ನು ಮಾತ್ರ ತುಂಬಿಕೊಳ್ಳುತ್ತಾರೆ, ಹೀಗಾಗಿ ರಕ್ತದ ಉಪ್ಪು ತೆಳುವಾಗಿ ಸ್ನಾಯು ಸೆಟೆಯುತ್ತದೆ ಎಂದು 1923ರಲ್ಲಿ ತೋರಿಸಿದರು. ಕುಡಿಯುವ ನೀರಿಗೆ ಸ್ವಲ್ಪ ಉಪ್ಪು ಬೆರೆಸಿದ್ದೇ ಚಿಕಿತ್ಸೆಯಾಯಿತು. ನಮ್ಮ ಹಿರಿಯರು ಉಪ್ಪು ಹಾಕಿದ ಗಂಜಿ, ನೀರು ಮಜ್ಜಿಗೆ, ಅಂಬಲಿಯನ್ನು ಹೊಲಕ್ಕೆ ಕಟ್ಟಿಕೊಂಡು ಹೋಗುತ್ತಿದ್ದುದು ಇದೇ ಶಾಸ್ತ್ರ, ಲೇಖನ ಬರೆದಿರಲಿಲ್ಲ ಅಷ್ಟೇ.

ನೀವು ಪಾಲಿಸಬಹುದಾದದ್ದು ಇಷ್ಟು. ಬಾಯಾರಿಕೆಗೆ ಕಾಯದೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 250 ಮಿಲಿಲೀಟರ್ ನೀರು. ಗಂಟೆಗೆ ಒಂದೂವರೆ ಲೀಟರ್ ಮೀರಬೇಡಿ; ಬರೀ ನೀರು ಅತಿಯಾದರೆ ರಕ್ತದ ಸೋಡಿಯಂ ಇಳಿದು ಅದೂ ಪ್ರಾಣಕ್ಕೆ ಬರಬಹುದು. ದಿನದ ನೀರಿನಲ್ಲಿ ಒಂದೆರಡು ಲೀಟರ್ ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಇರಲಿ. ಉಪ್ಪಿನ ಗುಳಿಗೆಯನ್ನು ಹಾಗೇ ನುಂಗಬೇಡಿ, ಹೊಟ್ಟೆ ಕೆಡುತ್ತದೆ. ಶಿಫ್ಟಿನ ಹಿಂದಿನ ರಾತ್ರಿಯ ಸಾರಾಯಿ ಮರುದಿನ ನೀವು ಕೇಜಿಗೆ ಕಾಲಿಡುವ ಮುಂಚೆಯೇ ಮೈಯನ್ನು ಒಣಗಿಸಿರುತ್ತದೆ. ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಮೂತ್ರದ ಬಣ್ಣವನ್ನೊಮ್ಮೆ ನೋಡಿಕೊಳ್ಳಿ. ಗಾಢವಾಗಿದ್ದರೆ ಎರಡು ಲೋಟ ನೀರು ಕುಡಿದೇ ಹೊರಡಿ.

1955ರ ಗಣಿ ನಿಯಮಗಳು ತಲೆಗೆ ಕನಿಷ್ಠ ಎರಡು ಲೀಟರ್ ಕುಡಿಯುವ ನೀರನ್ನು, ಕೈಗೆಟಕುವ ಜಾಗಗಳಲ್ಲಿ, ಇಡೀ ಶಿಫ್ಟಿನುದ್ದಕ್ಕೂ ಒದಗಿಸಬೇಕೆನ್ನುತ್ತವೆ. ಬಿಸಿ ಗಣಿಯಲ್ಲಿ ಗಂಟೆಗೇ ಒಂದು ಲೀಟರ್ ಬೆವರುವ ಮನುಷ್ಯನಿಗೆ ಎರಡು ಲೀಟರ್ ಎರಡು ಗಂಟೆಯ ಬಾಬತ್ತು. ಅದು ಕನಿಷ್ಠ ಎಂಬುದನ್ನು ನೆನಪಿಟ್ಟು ಮನೆಯಿಂದಲೂ ಒಂದು ಕ್ಯಾನ್ ಒಯ್ಯಿರಿ.

ಪ್ರಶ್ನೆ: ನಮ್ಮ ತಂದೆಗೆ ಬಿಪಿ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರು ಭೂಗತ ಗಣಿಯಲ್ಲಿ ಕೆಲಸ ಮುಂದುವರಿಸಬಹುದೇ?

ಉತ್ತರ: ಯಾವ ಮಾತ್ರೆ ಎಂಬುದರ ಮೇಲೆ ಹೋಗುತ್ತದೆ. ಮೂತ್ರ ಹೆಚ್ಚಿಸುವ ಜಾತಿಯ ಬಿಪಿ ಮಾತ್ರೆಗಳು ನೀರು, ಉಪ್ಪು ಎರಡನ್ನೂ ಕಳೆಯುತ್ತವೆ. ಬೀಟಾ ಬ್ಲಾಕರ್‌ಗಳು ಹೃದಯ ತನ್ನ ವೇಗವನ್ನು ಏರಿಸಿಕೊಳ್ಳಲು ಬಿಡುವುದಿಲ್ಲ. ನೆಗಡಿಗೆ, ಅಲರ್ಜಿಗೆ ಕೊಡುವ ಕೆಲವು ಮಾತ್ರೆಗಳು ಬೆವರನ್ನೇ ತಡೆಯುತ್ತವೆ. ತಾನಾಗಿ ಯಾವುದನ್ನೂ ನಿಲ್ಲಿಸಬಾರದು. ಮಾತ್ರೆ ಬರೆದುಕೊಟ್ಟ ವೈದ್ಯರಿಗೆ "ನಾನು ಗಣಿಯೊಳಗೆ ಸೆಕೆಯಲ್ಲಿ ದುಡಿಯುತ್ತೇನೆ" ಎಂದು ಬಾಯಿಬಿಟ್ಟು ಹೇಳಿದರೆ ಅವರು ಬೇರೆ ಮಾತ್ರೆ ಆರಿಸಬಲ್ಲರು. ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ?

ಪ್ರಶ್ನೆ: ನಾನು ಮೈನಿಂಗ್ ಮೇಟ್. ಹಿಂದೆ ಕೆಲಸ ಮಾಡಿದ ಒಂದು ಗಣಿಯಲ್ಲಿ, ಗಾಳಿಯ ಡಕ್ಟ್ ಹರಿದಿದ್ದ ಜಾಗದಲ್ಲಿ ದುಡಿಯುತ್ತಿದ್ದ ಹುಡುಗನೊಬ್ಬ ಮೊದಲು ಏನೇನೋ ಸಿಟ್ಟಿನಿಂದ ಬೈದ, ಕ್ಯಾಪ್ ಲ್ಯಾಂಪ್ ಕಿತ್ತೆಸೆದ, ಆಮೇಲೆ ಬಿದ್ದು ಕೈಕಾಲು ಸೆಟೆದ. ಫಿಟ್ಸ್ ಎಂದುಕೊಂಡು ಕೈಗೆ ಕಬ್ಬಿಣ ಕೊಟ್ಟೆವು, ಬಾಯಿಗೆ ನೀರು ಬಿಟ್ಟೆವು, ಸ್ಟ್ರೆಚರಿಗಾಗಿ ಕಾದೆವು. ಅವನು ಉಳಿದ, ಆದರೆ ಎರಡು ವಾರ ಆಸ್ಪತ್ರೆಯಲ್ಲಿದ್ದ. ನಾವು ಮಾಡಬೇಕಾಗಿದ್ದೇನು? ಅಂಥವನು ಎಷ್ಟು ದಿನಕ್ಕೆ ಡ್ಯೂಟಿಗೆ ಬರಬಹುದು?

ಉತ್ತರ: ನೀವು ವರ್ಣಿಸಿರುವುದು ಉಷ್ಣಾಘಾತದ ಚಿತ್ರ. ಮೈಯ ಒಳಗಿನ ಉಷ್ಣಾಂಶ 40 ಡಿಗ್ರಿ ದಾಟಿದಾಗ ಮೊದಲು ಕೆಡುವುದು ಮಿದುಳು. ಸಾಧು ಮನುಷ್ಯ ಬೈಯತೊಡಗುವುದು, ಅಡ್ಡಾದಿಡ್ಡಿ ನಡೆಯುವುದು, ಗೊತ್ತಿರುವ ಕೆಲಸವನ್ನು ತಪ್ಪಾಗಿ ಮಾಡುವುದು ಅದರ ಮೊದಲ ಸೂಚನೆ. ಬಿಸಿ ಜಾಗದಲ್ಲಿ ಯಾರಾದರೂ ಏಕಾಏಕಿ ಜಗಳಕ್ಕೆ ನಿಂತರೆ, ಅವನ ಗುಣವನ್ನು ದೂರುವ ಮೊದಲು ಅವನ ಮೈ ಮುಟ್ಟಿ ನೋಡಿ. ಮೈ ಒಣಗಿದ್ದರೆ ಮಾತ್ರ ಉಷ್ಣಾಘಾತ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ದುಡಿಯುತ್ತಾ ಬಿದ್ದವನ ಮೈ ಬೆವರಿನಿಂದ ತೊಯ್ದಿರಬಹುದು, ಆದರೂ ಒಳಗೆ ಕುದಿಯುತ್ತಿರುತ್ತಾನೆ.

ಕಬ್ಬಿಣದಿಂದ ಉಪಯೋಗವಿಲ್ಲ. ಎಚ್ಚರ ತಪ್ಪಿದವನ ಬಾಯಿಗೆ ನೀರು ಬಿಟ್ಟರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಅದೇ ನೀರನ್ನು ಮೈಮೇಲೆ ಸುರಿಯಬೇಕಿತ್ತು. ಮಾಡಬೇಕಾದದ್ದು ಮೊದಲು ತಣಿಸುವುದು, ಆಮೇಲೆ ಸಾಗಿಸುವುದು. ಸ್ಟ್ರೆಚರಿಗೆ ಕಾಯುತ್ತಾ ಕಳೆದ ಪ್ರತಿ ನಿಮಿಷವೂ ನಷ್ಟ. ಒಳ್ಳೆಯ ಗಾಳಿ ಬರುವ ಹತ್ತಿರದ ಜಾಗಕ್ಕೆ ಎಳೆದು ತನ್ನಿ. ಬೂಟು, ಬೆಲ್ಟು, ಅಂಗಿ ಎಲ್ಲ ತೆಗೆಯಿರಿ. ಡ್ರಿಲ್ಲಿನ ನೀರಿನ ಪೈಪ್ ಇದ್ದರೆ ತಲೆಯಿಂದ ಕಾಲಿನವರೆಗೆ ಎಡೆಬಿಡದೆ ನೀರು ಹಾಯಿಸಿ, ಫ್ಯಾನಿನ ಗಾಳಿಯನ್ನು ಅವನತ್ತ ತಿರುಗಿಸಿ, ಏನೂ ಇಲ್ಲದಿದ್ದರೆ ಹಲಗೆಯಿಂದ ಬೀಸಿ. ಕಂಪ್ರೆಸರ್ ಪೈಪಿನ ಒತ್ತಡದ ಗಾಳಿಯನ್ನು ನೇರವಾಗಿ ಮೈಗೆ ಹಿಡಿಯಬೇಡಿ, ಅದರಿಂದ ಬೇರೆಯೇ ಗಾಯವಾಗುತ್ತದೆ. ಕುಸಿದ ಅರ್ಧ ಗಂಟೆಯೊಳಗೆ ಮೈ ತಣಿದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಇದು ಜ್ವರವಲ್ಲ. ಕೇಜಿನಲ್ಲಿ ಮೇಲೆ ತರುವಾಗಲೂ ಒದ್ದೆ ಬಟ್ಟೆ ಹೊದಿಸಿ ಬೀಸುತ್ತಿರಿ.

ಹರಿದ ಡಕ್ಟಿನ ಬಗ್ಗೆಯೂ ಹೇಳಲೇಬೇಕು. ನೀವು ಅದನ್ನು ಹುಡುಗ ಬಿದ್ದ ಜಾಗದ ಗುರುತಿಗೆಂದು ಬರೆದಿದ್ದೀರಿ; ನಾನು ಅದನ್ನೇ ರೋಗದ ಮೂಲವೆಂದು ಓದಿದೆ. ಗಾಳಿ ಒಯ್ಯುವ ಆ ಕೊಳವೆ ಹರಿದರೆ ಕೆಲಸ ನಡೆಯುವ ಮುಂಭಾಗದಲ್ಲಿ ಗಾಳಿಯ ವೇಗ ಸತ್ತುಹೋಗುತ್ತದೆ, ವೇಗ ಸತ್ತರೆ ಬೆವರು ಆರುವುದಿಲ್ಲ. ಅದನ್ನು ಹೊಲಿಸುವುದು ಕೆಳಗೆ ಇಳಿಯುವವರಿಗೆ ನೀಡಬಹುದಾದ ಅತ್ಯಂತ ಅಗ್ಗದ ಔಷಧ.

ಡ್ಯೂಟಿಗೆ ಬರುವುದು ಎಂದು? ಆಸ್ಪತ್ರೆಯಿಂದ ಬಿಟ್ಟ ಮೇಲೆ ಕನಿಷ್ಠ ಒಂದು ವಾರ ಯಾವ ಶ್ರಮದ ಕೆಲಸವೂ ಬೇಡ. ಯಕೃತ್ತು, ಮೂತ್ರಪಿಂಡ ಮತ್ತು ಸ್ನಾಯುವಿನ ರಕ್ತಪರೀಕ್ಷೆಗಳು ಸರಿಯಾದವೆಂದು ವೈದ್ಯರು ಬರೆದುಕೊಟ್ಟ ಮೇಲೆ, ಮೊದಲು ಮೇಲ್ಮೈಯಲ್ಲಿ, ತಂಪಿನಲ್ಲಿ ಹಗುರ ಕೆಲಸ. ಆಮೇಲೆ ಕೆಳಗೆ ಇಳಿದರೆ ಅವನು ಹೊಸಬ ಎಂದೇ ಲೆಕ್ಕ: ಮೊದಲ ದಿನ ಐದರಲ್ಲಿ ಒಂದು ಪಾಲು ಕೆಲಸ, ಪಕ್ಕದಲ್ಲಿ ಒಬ್ಬ ಜೊತೆಗಾರ, ಮತ್ತು ಒಂದೆರಡು ವಾರ ಶಿಫ್ಟಿನ ನಡುವೆ ನೀವೇ ಹೋಗಿ ಅವನನ್ನು ಮಾತನಾಡಿಸಿ ಬರಬೇಕು. ಅವನು ನಕ್ಕು ಉತ್ತರ ಕೊಟ್ಟರೆ ಸರಿ. ಸಿಡುಕಿದರೆ ಕೂಡಲೇ ಮೇಲಕ್ಕೆ ಕಳಿಸಿ.